ಅಂಕದಲ್ಲಿ ಗಾಂಜಾದ ಪಾಲೆಷ್ಟು?



ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಗಳ ದಾಖಲೆ ಪುಸ್ತಕದಲ್ಲಿ ‘ಹುಚ್ಚಿಗೆ ಕಾರಣ’ ಎಂಬ ಒಂದು ಕಲಂ ಇರುತ್ತಿತ್ತು. ಬಹಳಷ್ಟು ರೋಗಿಗಳನ್ನು ಅಲ್ಲಿಗೆ ತಂದು ಬಿಡುತ್ತಿದ್ದವರು ಪೊಲೀಸರು. ಬೀದಿಯಲ್ಲಿ ಸಿಕ್ಕವನ ಹಿಂದುಮುಂದು ಅವರಿಗೇನು ಗೊತ್ತು? ಆದರೂ ಕಲಂ ತುಂಬಬೇಕಲ್ಲ. ಗಾಂಜಾ ಸೇದುತ್ತಿದ್ದನಂತೆ ಎಂದು ಯಾರಾದರೂ ಅಂದರೆ ಸಾಕು, ಕಾರಣ: ಗಾಂಜಾ. ಆಸ್ಪತ್ರೆಯಲ್ಲಿ ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದರು. ವರ್ಷದ ಕೊನೆಗೆ ಅದೇ ಸರ್ಕಾರದ ಅಂಕಿಅಂಶವಾಗುತ್ತಿತ್ತು. 1893ರಲ್ಲಿ ನೇಮಕವಾದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಈ ಕಲಮಿನ ಬೆನ್ನು ಹತ್ತಿತು. 1,193 ಸಾಕ್ಷಿಗಳ ಹೇಳಿಕೆ ಪಡೆದ ಈ ಆಯೋಗ, 1892ರಲ್ಲಿ ಗಾಂಜಾದಿಂದ ಹುಚ್ಚು ಹಿಡಿಯಿತೆಂದು ಬರೆದುಕೊಂಡಿದ್ದ ಪ್ರಕರಣಗಳನ್ನು ಒಂದೊಂದಾಗಿ ಕೆದಕಿ ನೋಡಿತು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಆ ಕಾರಣ ನಿಲ್ಲಲಿಲ್ಲ.

ಇವತ್ತು ನಾನು ಹೇಳಹೊರಟಿರುವುದು ಆ ಕಲಮಿನ ಈಗಿನ ಅವತಾರದ ಬಗ್ಗೆ. ಗಾಂಜಾ ಬಿಡಿಸುವ ಚಿಕಿತ್ಸೆಗೆ ಬಂದವರ ನೆನಪು, ಗಮನ, ಯೋಚನೆಯ ಚುರುಕು ಎಷ್ಟಿದೆಯೆಂದು ಅಳೆಯುವ ಪರೀಕ್ಷೆಗಳಿವೆ. ರಿಪೋರ್ಟಿನಲ್ಲಿ ‘ಸರಾಸರಿಗಿಂತ ಕಡಿಮೆ’ ಎಂದು ಬಂದರೆ ಮನೆಯವರ ಮೊದಲ ಮಾತು ಒಂದೇ: ‘ಗಾಂಜಾ ತಲೆ ತಿಂದ್ಬಿಟ್ಟಿದೆ, ಅಲ್ವಾ ಮೇಡಂ?’ ತಿಂದಿರಬಹುದು. ಆದರೆ ಆ ಅಂಕದೊಳಗೆ ಗಾಂಜಾ ಒಂದೇ ಕೂತಿಲ್ಲ. ಅವನು ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟ, ಈಗ ವಯಸ್ಸೆಷ್ಟು, ಮನೆಯಲ್ಲಿ ಆಡುವ ಭಾಷೆ ಯಾವುದು, ಹಳ್ಳಿಯಲ್ಲಿ ಬೆಳೆದನೋ ಪೇಟೆಯಲ್ಲೋ, ಅಪ್ಪ ಅಮ್ಮ ಏನು ಮಾಡಿಕೊಂಡಿದ್ದರು, ಇವೆಲ್ಲವೂ ಅಲ್ಲಿ ಕೂತಿವೆ. ಇವನ್ನೆಲ್ಲ ಎಬ್ಬಿಸಿ ಪಕ್ಕಕ್ಕೆ ಕೂರಿಸಿದ ಮೇಲೆ ಉಳಿಯುವುದೆಷ್ಟೋ ಅಷ್ಟನ್ನು ಮಾತ್ರ ಗಾಂಜಾದ ಲೆಕ್ಕಕ್ಕೆ ಬರೆಯಬೇಕು. ಹಾಗೆ ಎಬ್ಬಿಸುವುದು ಎಷ್ಟು ಕಷ್ಟದ ಕೆಲಸ ಎಂಬುದು ಪರೀಕ್ಷೆಯ ಕೋಣೆಯೊಳಗೆ ಬಂದರೆ ಗೊತ್ತಾಗುತ್ತದೆ.

ಅಲ್ಲಿ ಹದಿನೈದು ಪದಗಳ ಒಂದು ಪಟ್ಟಿ ಓದುತ್ತೇವೆ, ಸೆಕೆಂಡಿಗೆ ಒಂದರಂತೆ. ನಿಜವಾದ ಪಟ್ಟಿಯನ್ನು ಬಾನುಲಿಯಲ್ಲಿ ಓದಿಬಿಟ್ಟರೆ ನಾಳೆ ಊರಿಗೆಲ್ಲ ಬಾಯಿಪಾಠವಾಗಿ ಪರೀಕ್ಷೆಯೇ ಕೆಟ್ಟುಹೋಗುತ್ತದೆ. ಹಾಗಾಗಿ ಕೊಡೆ, ನೇಗಿಲು, ಬಳೆ, ಕಿಟಕಿ, ಈ ಥರದವು ಎಂದುಕೊಳ್ಳಿ. ಓದಿ ಮುಗಿದ ಕೂಡಲೇ ನೆನಪಿದ್ದಷ್ಟನ್ನು ಹೇಳಬೇಕು. ಅದೇ ಪಟ್ಟಿ ಐದು ಸಲ. ಆಮೇಲೆ ಬೇರೆಯೇ ಒಂದು ಪಟ್ಟಿ ಓದಿ ತಲೆ ಕಲಕುತ್ತೇವೆ. ಅರ್ಧ ಗಂಟೆ ಬೇರೆ ಏನಾದರೂ ಮಾಡಿಸಿ, ‘ಮೊದಲಿನ ಪಟ್ಟಿಯಲ್ಲಿ ಏನೇನಿತ್ತು?’ ಎಂದು ಕೇಳುತ್ತೇವೆ. ಗಾಂಜಾದ ಏಟು ಹೆಚ್ಚಾಗಿ ಕಾಣುವುದು ಇಲ್ಲೇ, ಕೇಳಿದ್ದನ್ನು ಹೊಸದಾಗಿ ಕಲಿತು ಇಟ್ಟುಕೊಳ್ಳುವ ಕೆಲಸದಲ್ಲಿ. ಹೊಸ ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಮೆದುಳಿನ ಭಾಗದಲ್ಲಿ, ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿ ಹೋಗಿ ಅಂಟಿಕೊಳ್ಳುವ ಗ್ರಾಹಕಗಳು ದಟ್ಟವಾಗಿವೆ.

ಈಗ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬ ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ. ಇನ್ನೊಬ್ಬರು ನಲವತ್ತೈದು ದಾಟಿದ ಲಾರಿ ಡ್ರೈವರು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಇಬ್ಬರೂ ದಿನಾ ಸೇದುವವರೇ. ಹುಡುಗ ಪಟ್ಟಿ ಕೇಳುತ್ತ ಕೇಳುತ್ತಲೇ ಪದಗಳನ್ನು ಗುಂಪು ಮಾಡಿಕೊಳ್ಳುತ್ತಾನೆ, ಸಲಕರಣೆಗಳು ಒಂದು ಕಡೆ, ಒಡವೆಗಳು ಇನ್ನೊಂದು ಕಡೆ. ಹಾಗೆ ಮಾಡೆಂದು ಯಾರೂ ಹೇಳಿಲ್ಲ. ಪರೀಕ್ಷೆ ಬರೆದು ಬರೆದು ಬಂದ ರೂಢಿ. ಡ್ರೈವರು ‘ಕೊಡೆ... ಕಿಟಕಿ...’ ಎಂದು ನಿಲ್ಲುತ್ತಾರೆ.

‘ಇನ್ನೂ ನೆನಪಾದರೆ ಹೇಳಿ ಅಣ್ಣ.’

‘ಸುಮ್ನೆ ಪದ ಪದ ಹೇಳಿದ್ರೆ ಹೆಂಗ್ ನೆನಪಿರುತ್ತೆ ಮೇಡಂ? ಲೋಡ್ ಎಲ್ಲಿಂದ ಎತ್ತಿದ್ದು, ಯಾವ ಮಂಡಿಗೆ ಇಳಿಸಿದ್ದು, ಬಾಡಿಗೆ ಎಷ್ಟು ಬಂತು ಕೇಳಿ. ಹತ್ತು ವರ್ಷದ್ದು ಹೇಳ್ತೀನಿ.’

ಅವರ ಮಾತಿನಲ್ಲಿ ತಪ್ಪೇನಿಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಪದಗಳನ್ನು, ಯಾವ ಉಪಯೋಗವೂ ಇಲ್ಲದೆ, ಎದುರಿಗೆ ಕೂತವರು ಕೇಳುತ್ತಾರೆಂಬ ಒಂದೇ ಕಾರಣಕ್ಕೆ ನೆನಪಿಟ್ಟುಕೊಳ್ಳುವುದು ಶಾಲೆ ಕಲಿಸುವ ವಿದ್ಯೆ. ಮುಂದಿನ ಪರೀಕ್ಷೆಯಲ್ಲಿ ಒಂದೊಂದು ಅಂಕಿಯ ಕೆಳಗೆ ಅದಕ್ಕೆ ಗೊತ್ತುಮಾಡಿದ ಚಿಹ್ನೆಯನ್ನು ಬೇಗ ಬೇಗ ಬರೆಯುತ್ತ ಹೋಗಬೇಕು. ಪೆನ್ಸಿಲ್ಲು ಮುಟ್ಟಿ ದಶಕಗಳೇ ಕಳೆದ ಕೈ ಅದು. ತಡವಾಯಿತು ಸರಿ, ತಡವಾದದ್ದು ಮೆದುಳಿಗೋ ಬೆರಳಿಗೋ?

ಭಾಷೆಯ ಪಾಲು ಇನ್ನೂ ನಯವಾಗಿ ನುಸುಳುತ್ತದೆ. ಅಂಕಿಗಳನ್ನು ಹೇಳಿ, ಅದೇ ಕ್ರಮದಲ್ಲಿ ತಿರುಗಿ ಹೇಳಿಸುವ ಸರಳ ಪರೀಕ್ಷೆ ನಿಮಗೂ ಗೊತ್ತಿರಬಹುದು. ನಾಲ್ಕು, ಒಂಬತ್ತು, ಏಳು, ಎರಡು... ನಮ್ಮ ಅಂಕಿಗಳೆಲ್ಲ ಎರಡು ಮೂರು ಅಕ್ಷರದವು. ಇಂಗ್ಲಿಷಿನ ಫೋರ್, ನೈನ್, ಟೂ ಒಂದೇ ಉಸಿರಿನವು. ಬಾಯಲ್ಲಿ ಹೇಳಲು ಹೆಚ್ಚು ಹೊತ್ತು ಹಿಡಿಯುವ ಅಂಕಿಗಳು ತಲೆಯಲ್ಲೂ ಹೆಚ್ಚು ಜಾಗ ಹಿಡಿಯುತ್ತವೆ. ವೆಲ್ಶ್ ಮಕ್ಕಳ ಅಂಕಿ ನೆನಪಿಡುವ ಶಕ್ತಿ ಇಂಗ್ಲಿಷ್ ಆಡುವ ಮಕ್ಕಳದಕ್ಕಿಂತ ಕಡಿಮೆ ಎಂಬಂತೆ ಕಂಡದ್ದಕ್ಕೆ ಬುದ್ಧಿಯಲ್ಲ, ವೆಲ್ಶ್ ಭಾಷೆಯ ಅಂಕಿಗಳ ಉದ್ದವೇ ಕಾರಣ ಎಂದು ಎಲಿಸ್ ಮತ್ತು ಹೆನೆಲಿ 1980ರಲ್ಲೇ ತೋರಿಸಿಕೊಟ್ಟರು. ನಮ್ಮಲ್ಲಂತೂ ಅಪ್ಪಟ ಕನ್ನಡ ಮಾತಾಡುವವರೂ ಮೊಬೈಲ್ ನಂಬರನ್ನು ಇಂಗ್ಲಿಷಿನಲ್ಲೇ ಹೇಳುತ್ತಾರೆ. ಪರೀಕ್ಷೆ ಕೊಡುವವರು ‘ಕನ್ನಡದಲ್ಲೇ ಹೇಳಿ’ ಎಂದು ಹಟ ಹಿಡಿದರೆ ಒಂದು ಅಂಕ, ‘ನಿಮಗೆ ಹೇಗೆ ಬರುತ್ತೋ ಹಾಗೆ’ ಎಂದರೆ ಇನ್ನೊಂದು ಅಂಕ. ಇನ್ನು ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಉರ್ದುವನ್ನೋ ಆಡಿ ಬೆಳೆದವರನ್ನು ಕನ್ನಡದ ಪಟ್ಟಿಯ ಮುಂದೆ ಕೂರಿಸಿದಾಗ ಆಗುವುದನ್ನು ನೀವೇ ಅಂದಾಜು ಮಾಡಿ.

ಇದೆಲ್ಲ ಪರೀಕ್ಷೆ ಕಟ್ಟುವವರಿಗೆ ಗೊತ್ತಿಲ್ಲವೆಂದಲ್ಲ. ವಿ.ವಿ. ಕಾಮತರು ಫ್ರಾನ್ಸಿನ ಬಿನೆ ಬುದ್ಧಿಪರೀಕ್ಷೆಯನ್ನು 1930ರ ದಶಕದಲ್ಲೇ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದು ಇದೇ ಕಾರಣಕ್ಕೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್, ಸುಬ್ಬಕೃಷ್ಣ ಮತ್ತು ಗೋಪುಕುಮಾರ್ ಸೇರಿ 2004ರಲ್ಲಿ ಹೊರತಂದ ಪರೀಕ್ಷಾ ಸಂಪುಟವಂತೂ ಈ ವಿಷಯದಲ್ಲಿ ದೊಡ್ಡ ಉಪಕಾರ ಮಾಡಿದೆ. ಆರೋಗ್ಯವಂತರಾದ 540 ಮಂದಿಯನ್ನು ಪರೀಕ್ಷಿಸಿ, ಗಂಡು ಹೆಣ್ಣು ಬೇರೆ, ವಯಸ್ಸಿನಲ್ಲಿ ಮೂರು ಗುಂಪು, ಓದಿನಲ್ಲಿ ಮೂರು ಗುಂಪು ಎಂದು ಸರಾಸರಿಗಳನ್ನು ಬೇರೆ ಬೇರೆಯಾಗಿಯೇ ಕೊಟ್ಟರು. ಓದು ಬಾರದವರು, ಶಾಲೆ ಕಂಡವರು, ಕಾಲೇಜು ಕಂಡವರು, ಇವು ಆ ಮೂರು ಗುಂಪು. ಅಂದರೆ ನಮ್ಮ ಡ್ರೈವರನ್ನು ಇಂಜಿನಿಯರಿಂಗ್ ಹುಡುಗನ ಜೊತೆ ಹೋಲಿಸುವಂತಿಲ್ಲ, ಅವರದೇ ವಯಸ್ಸಿನ, ಅವರಷ್ಟೇ ಓದಿದ ಗಂಡಸರ ಜೊತೆ ಹೋಲಿಸಬೇಕು. ನನಗಿರುವ ಒಂದು ತಕರಾರೆಂದರೆ, ಶಾಲೆ ಎಂಬ ಗುಂಪು ತೀರಾ ಅಗಲ. ಎರಡನೇ ಕ್ಲಾಸಿಗೆ ಪಾಟಿ ಎಸೆದವರೂ ಎಸ್ಸೆಸ್ಸೆಲ್ಸಿ ಮುಗಿಸಿದವರೂ ಒಂದೇ ಬುಟ್ಟಿಗೆ ಬೀಳುತ್ತಾರೆ. ಅದಿರಲಿ, ಅಮೆರಿಕದ ಸರಾಸರಿಗಳನ್ನು ಹಾಗೇ ತಂದು ಇಲ್ಲಿನವರ ಮೇಲೆ ಹೊರಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಇನ್ನು ಚಿಕಿತ್ಸೆಗೆ ಬಂದವರ ಅಧ್ಯಯನಗಳ ಮಾತು. ಅಮೆರಿಕದಲ್ಲಿ ಗಾಂಜಾ ಅವಲಂಬನೆಯ ಚಿಕಿತ್ಸೆಗಾಗಿಯೇ ಮೂರು ಊರುಗಳಲ್ಲಿ ನಡೆದ ಒಂದು ದೊಡ್ಡ ಪ್ರಯೋಗದಲ್ಲಿ 450 ಮಂದಿ ಸೇರಿದ್ದರು. ಸುಮಾರು ಮೂರರಲ್ಲಿ ಎರಡು ಪಾಲು ಗಂಡಸರು. ಅವರಲ್ಲಿ 102 ಜನರನ್ನು ಆಸ್ಟ್ರೇಲಿಯಾದ ನಾಡಿಯಾ ಸೊಲೊವಿ ಮತ್ತು ಸಂಗಡಿಗರು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಜನ ಸರಾಸರಿ 24 ವರ್ಷದಿಂದ ಸೇದುತ್ತಿದ್ದವರು, ಉಳಿದರ್ಧ ಸುಮಾರು 10 ವರ್ಷದಿಂದ. ಜೊತೆಗೆ ಸೇದದವರು 33 ಮಂದಿ. ಪದಗಳ ಪಟ್ಟಿಯ ಪರೀಕ್ಷೆಯಲ್ಲಿ 24 ವರ್ಷದವರು ಸ್ಪಷ್ಟವಾಗಿ ಹಿಂದೆ ಬಿದ್ದರು. 10 ವರ್ಷದವರು ಹೆಚ್ಚುಕಡಿಮೆ ಸೇದದವರ ಸಾಲಿನಲ್ಲೇ ಇದ್ದರು. ವರ್ಷ ಹೆಚ್ಚಿದಂತೆ ಹಾನಿ ಹೆಚ್ಚು ಎಂಬ ತೀರ್ಮಾನ ಸಹಜವಾಗಿಯೇ ಬಂತು. ಆದರೆ 24 ವರ್ಷದಿಂದ ಸೇದುತ್ತಿರುವವರಿಗೆ 10 ವರ್ಷದಿಂದ ಸೇದುತ್ತಿರುವವರಿಗಿಂತ ವಯಸ್ಸಾಗಿರುತ್ತದಲ್ಲ? ಪದ ನೆನಪಿಡುವ ಶಕ್ತಿ ಗಾಂಜಾ ಮುಟ್ಟದವರಲ್ಲೂ ವಯಸ್ಸಿನೊಡನೆ ಇಳಿಯುತ್ತದೆ. ಅಂಕಿಅಂಶದ ವಿಧಾನಗಳಿಂದ ವಯಸ್ಸನ್ನು ಸರಿದೂಗಿಸಬಹುದು, ಆದರೆ ಪೂರ್ತಿ ತೊಳೆದುಹೋಗುತ್ತದೆಂದು ಹೇಳಲಾಗದು. ಈ ಅಧ್ಯಯನ ಅಚ್ಚಾದ ಪತ್ರಿಕೆಯ ಅದೇ ಸಂಚಿಕೆಯ ಸಂಪಾದಕೀಯದಲ್ಲಿ ಹಾರ್ವರ್ಡಿನ ಹ್ಯಾರಿಸನ್ ಪೋಪ್ ಎತ್ತಿದ್ದು ಇಂಥ ಕೊಳೆ ಉಳಿದಿರಬಹುದೆಂಬ ಪ್ರಶ್ನೆಯನ್ನೇ.

ಪೋಪ್ ಹಾಗೆ ಕೇಳಲು ಕಾರಣವಿತ್ತು. ಹಿಂದಿನ ವರ್ಷ ಅವರೇ ಪ್ರಕಟಿಸಿದ ಅಧ್ಯಯನದಲ್ಲಿ ಜೀವಮಾನದಲ್ಲಿ ಕನಿಷ್ಠ 5,000 ಸಲ ಗಾಂಜಾ ಸೇದಿದವರಿದ್ದರು. ಬಿಟ್ಟ ದಿನ, ಮರುದಿನ, ಏಳನೆಯ ದಿನ ಪರೀಕ್ಷಿಸಿದಾಗ ನೆನಪಿನಲ್ಲಿ ಕೊರತೆ ಕಂಡಿತು. 28ನೆಯ ದಿನ ನೋಡಿದರೆ ಸೇದದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಸೊಲೊವಿಯವರ ಅಧ್ಯಯನದಲ್ಲಿ ಬಿಟ್ಟ ಮೇಲೆ ಪರೀಕ್ಷೆಯ ಹೊತ್ತಿಗೆ ಕಳೆದಿದ್ದ ಮಧ್ಯಮ ಅವಧಿ 17 ಗಂಟೆ. ಎರಡು ಅಧ್ಯಯನಗಳ ಉತ್ತರ ಬೇರೆಯಾದದ್ದರಲ್ಲಿ ಈ ಅವಧಿಯ ಪಾತ್ರವೂ ಇರಬೇಕು.

ಇಲ್ಲೊಂದು ಅಡ್ಡ ಮಾತು. ಪದ ನೆನಪಿಡುವ ಪರೀಕ್ಷೆಯಲ್ಲಿ ಹೆಂಗಸರು ಸರಾಸರಿಯಲ್ಲಿ ಗಂಡಸರಿಗಿಂತ ಮುಂದೆ. ನಮ್ಮ ದೇಶದಲ್ಲಿ ಗಾಂಜಾ, ಭಂಗಿ, ಚರಸ್ ಬಳಸುವವರ ಪೈಕಿ ಹೆಂಗಸರು ತೀರಾ ಕಡಿಮೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಗಂಡಸರಲ್ಲಿ ಶೇಕಡಾ 5, ಹೆಂಗಸರಲ್ಲಿ ಶೇಕಡಾ 0.6. ಹಾಗಾಗಿ ಚಿಕಿತ್ಸೆಗೆ ಬಂದ ಗಂಡಸರನ್ನು ಒಂದು ಕಡೆ ಇಟ್ಟು, ಹೋಲಿಕೆಗೆಂದು ಕಾಲೇಜಿನ ಹುಡುಗ ಹುಡುಗಿಯರನ್ನು ಇನ್ನೊಂದು ಕಡೆ ಕೂರಿಸಿದರೆ ಗಾಂಜಾ ಇಲ್ಲದೆಯೂ ಗಂಡಸರ ಗುಂಪು ಹಿಂದೆ ಬೀಳುತ್ತದೆ. ವಿದ್ಯಾರ್ಥಿಗಳ ಎಷ್ಟೋ ಪ್ರಬಂಧಗಳು ಇಷ್ಟರಲ್ಲೇ ಎಡವುತ್ತವೆ.

ಈ ಕ್ಷೇತ್ರದ ಅಧ್ಯಯನಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈಜಿಪ್ಟಿನದು. ಕೈರೋದ ಮನೋವಿಜ್ಞಾನಿ ಮುಸ್ತಫಾ ಸುಯೆಫ್, ಹಶೀಶ್, ಅಂದರೆ ಚರಸ್, ಸೇದುತ್ತಿದ್ದ 850 ಗಂಡು ಕೈದಿಗಳನ್ನು, ಸೇದದ 839 ಕೈದಿಗಳ ಜೊತೆ ಹೋಲಿಸಿದರು. 1970ರ ದಶಕದಲ್ಲಿ ಇಷ್ಟು ದೊಡ್ಡ ಅಧ್ಯಯನ ಬೇರೆಲ್ಲೂ ಇರಲಿಲ್ಲವೆಂದೇ ಹೇಳಬೇಕು. ಕೈಚಳಕ, ವೇಗ, ಆಕೃತಿಗಳ ನೆನಪು, ಕಾಲ ಮತ್ತು ದೂರದ ಅಂದಾಜು, ಹೀಗೆ ಅನೇಕ ಪರೀಕ್ಷೆಗಳು. ಒಟ್ಟಾಗಿ ನೋಡಿದರೆ ಸೇದುವವರು ಹಿಂದೆ. ಸುಯೆಫ್ ಅಲ್ಲಿಗೇ ನಿಲ್ಲಲಿಲ್ಲ. ಓದು ಬಲ್ಲವರು, ಬಾರದವರು; ಪಟ್ಟಣದವರು, ಹಳ್ಳಿಯವರು; ಎಳೆಯರು, ವಯಸ್ಸಾದವರು ಎಂದು ಬಿಡಿಸಿ ನೋಡಿದರು. ಆಗ ಸೇದುವವರಿಗೂ ಸೇದದವರಿಗೂ ನಡುವಿನ ಅಂತರ ಎದ್ದು ಕಂಡದ್ದು ಓದಿದ, ಪಟ್ಟಣದ, ಎಳೆಯ ಗಂಡಸರಲ್ಲಿ. ಓದು ಬಾರದ, ಹಳ್ಳಿಯ, ವಯಸ್ಸಾದವರಲ್ಲಿ ಅದು ಇಲ್ಲವೇನೋ ಅನ್ನುವಷ್ಟು ಕಿರಿದಾಗಿತ್ತು.

ಇದನ್ನು ಹೇಗೆ ಓದಿಕೊಳ್ಳುವುದು? ಮೆದುಳು ಹೆಚ್ಚು ಚುರುಕಾಗಿದ್ದಷ್ಟೂ ಹಶೀಶಿನ ಪೆಟ್ಟು ಹೆಚ್ಚು ಎಂಬುದು ಸುಯೆಫ್ ಅವರ ಒಲವು. ನನಗೆ ಇನ್ನೊಂದು ವಿವರಣೆ ಹೆಚ್ಚು ಹಿಡಿಸುತ್ತದೆ. ಓದು ಬಾರದ ಹಳ್ಳಿಯ ಮುದುಕ, ಸೇದಲಿ ಬಿಡಲಿ, ಪೆನ್ಸಿಲ್ಲಿನ ಪರೀಕ್ಷೆಯಲ್ಲಿ ಹೇಗೂ ತಳದಲ್ಲೇ ಇರುತ್ತಾನೆ. ಅದಕ್ಕಿಂತ ಕೆಳಗಿಳಿಯಲು ಜಾಗವೇ ಇಲ್ಲ. ಮರಳಿನ ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ಉಂಗುರ ಇಟ್ಟರೆ ಮುಳ್ಳು ಅಲುಗುವುದಿಲ್ಲ, ಹಾಗೆಂದು ಉಂಗುರಕ್ಕೆ ತೂಕವಿಲ್ಲ ಎನ್ನಲಾಗದು. ‘ವ್ಯತ್ಯಾಸ ಕಾಣಲಿಲ್ಲ’ ಎಂಬ ಒಂದು ಸಾಲು ಹಿಡಿದುಕೊಂಡು ಬಡವರಿಗೆ, ಹಳ್ಳಿಯವರಿಗೆ ಗಾಂಜಾ ಏನೂ ಮಾಡುವುದಿಲ್ಲ ಎಂದು ಯಾರಾದರೂ ಹೊರಟರೆ ಅದು ಹಳೆಯ ‘ಕಾರಣ: ಗಾಂಜಾ’ದಷ್ಟೇ ಕುರುಡು.

ಈಚಿನ ವರ್ಷಗಳಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿ ಮಾಡಿದ್ದು ನ್ಯೂಜಿಲೆಂಡಿನ ಡ್ಯುನೆಡಿನ್ ಪಟ್ಟಣದ ಅಧ್ಯಯನ. ಅಲ್ಲಿ 1972-73ರಲ್ಲಿ ಹುಟ್ಟಿದ 1,037 ಮಂದಿಯನ್ನು ಎಳವೆಯಿಂದಲೇ ಬೆನ್ನು ಹತ್ತಿದ್ದಾರೆ. ಇವರು ಗಾಂಜಾ ಮುಟ್ಟುವ ಮೊದಲಿನ ಐಕ್ಯೂ ಕೈಯಲ್ಲಿರುವುದರಿಂದ ಇದರ ಬೆಲೆ ದೊಡ್ಡದು. ಇಲ್ಲಿಯವರೆಗೆ ಹೇಳಿದ ಅಧ್ಯಯನಗಳವರ ಹತ್ತಿರ ಇದ್ದದ್ದು ‘ನಂತರ’ದ ಅಂಕ ಮಾತ್ರ. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ವರ್ಷಾನುಗಟ್ಟಲೆ ಅವಲಂಬಿತರಾಗಿ ಉಳಿದವರ ಐಕ್ಯೂ 38ರ ವಯಸ್ಸಿಗೆ ಸುಮಾರು 6 ಅಂಕ ಇಳಿದಿತ್ತು. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಇಳಿತ ಹೆಚ್ಚು, ದೊಡ್ಡವರಾದ ಮೇಲೆ ಶುರು ಮಾಡಿದವರಲ್ಲಿ ಅಷ್ಟಾಗಿ ಇಲ್ಲ. ಮರುವರ್ಷವೇ ನಾರ್ವೆಯ ಅರ್ಥಶಾಸ್ತ್ರಜ್ಞ ಓಲೆ ರೋಗೆಬರ್ಗ್ ಆಕ್ಷೇಪ ಎತ್ತಿದರು. ಬಡ ಕುಟುಂಬದ ಮಕ್ಕಳು ಬೇಗ ಶಾಲೆ ಬಿಡುತ್ತಾರೆ, ಬೇಗ ಸೇದಲು ತೊಡಗುತ್ತಾರೆ. ಶಾಲೆ ಬಿಟ್ಟದ್ದರಿಂದಲೇ ಅವರ ಐಕ್ಯೂ ಸರಾಸರಿಯ ಎದುರು ಹಿಂದೆ ಬೀಳುತ್ತಿರಬಹುದಲ್ಲ ಎಂದು. ಡ್ಯುನೆಡಿನ್ನಿನವರು ಮತ್ತೆ ಲೆಕ್ಕ ಹಾಕಿ ತಮ್ಮ ಮಾತಿಗೆ ಅಂಟಿಕೊಂಡರು. 2016ರಲ್ಲಿ ಅಮೆರಿಕದ ಮೂರು ಸಾವಿರಕ್ಕೂ ಹೆಚ್ಚು ಅವಳಿ ಮಕ್ಕಳ ಅಧ್ಯಯನ ಬಂತು. ಒಂದೇ ಮನೆ, ಒಂದೇ ತಾಯಿ ತಂದೆ, ಒಬ್ಬ ಸೇದುವವನು, ಒಬ್ಬ ಸೇದದವನು. ಸೇದಿದವನ ಐಕ್ಯೂ ಸೇದದ ಅವಳಿಗಿಂತ ಹೆಚ್ಚು ಇಳಿದಿರಲಿಲ್ಲ. ಆ ಮಕ್ಕಳಿನ್ನೂ ಹದಿಹರೆಯದವರು, ಇಪ್ಪತ್ತು ವರ್ಷ ಬಿಡದೆ ಸೇದಿದವರಲ್ಲ ಎಂಬುದನ್ನೂ ಇಲ್ಲಿ ಮರೆಯಬಾರದು.

ಹಾಗಾದರೆ ಓದು, ಮನೆತನ, ವಯಸ್ಸು ಎಲ್ಲವನ್ನೂ ಕಳೆದುಬಿಟ್ಟರೆ ನ್ಯಾಯ ಸಿಕ್ಕಂತೆಯೇ? ಅಷ್ಟು ಸಲೀಸಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಸೇದಲು ಕಲಿತ ಹುಡುಗನೊಬ್ಬ ಪಾಠ ತಲೆಗೆ ಹತ್ತದೆ ಎಸ್ಸೆಸ್ಸೆಲ್ಸಿ ಫೇಲಾಗಿ ಓದು ಬಿಟ್ಟ ಎಂದಿಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಅವನನ್ನು ಪರೀಕ್ಷಿಸಿ, ‘ಇವನು ಎಸ್ಸೆಸ್ಸೆಲ್ಸಿ ಫೇಲು, ಅವರ ಸರಾಸರಿಗೆ ಹೋಲಿಸಿದರೆ ಸರಿಯಾಗಿಯೇ ಇದ್ದಾನೆ’ ಎಂದು ಬರೆದರೆ ಗಾಂಜಾ ಮಾಡಿದ ಹಾನಿಯನ್ನು ನಾವೇ ಓದಿನ ಲೆಕ್ಕಕ್ಕೆ ದಾಟಿಸಿ ಅಳಿಸಿಹಾಕಿದಂತಾಯಿತು. ಹೋಲಿಕೆಗೆಂದು ಜನರನ್ನು ಜೋಡಿ ಮಾಡುವಾಗ ಆಗುವ ಈ ಮೋಸವನ್ನು ಮಿನ್ನೆಸೋಟದ ಪಾಲ್ ಮೀಲ್ 1970ರಲ್ಲೇ ಎಚ್ಚರಿಸಿದ್ದರು. ಓದು ಬಿಟ್ಟದ್ದು ಮೊದಲೋ ಗಾಂಜಾ ಹಿಡಿದದ್ದು ಮೊದಲೋ ಎಂಬ ಒಂದು ಪ್ರಶ್ನೆಗೆ ಉತ್ತರ ಸಿಗದೆ ಓದನ್ನು ಕಳೆಯಬೇಕೋ ಬೇಡವೋ ತೀರ್ಮಾನಿಸಲಾಗದು. ಆ ಉತ್ತರ ಯಾವ ಪರೀಕ್ಷೆಯ ಹಾಳೆಯಲ್ಲೂ ಇಲ್ಲ. ತಾಯಿಯನ್ನೋ ಅಕ್ಕನನ್ನೋ ಕೂರಿಸಿಕೊಂಡು ಕೇಳಬೇಕು, ಹಳೆಯ ಮಾರ್ಕ್ಸ್ ಕಾರ್ಡು ತರಿಸಿ ನೋಡಬೇಕು. ಎಂಟನೇ ಕ್ಲಾಸಿನವರೆಗೆ ಗಣಿತದಲ್ಲಿ ಎಂಬತ್ತು ತೆಗೆದವನು ಒಂದೇ ವರ್ಷದಲ್ಲಿ ಮೂವತ್ತಕ್ಕೆ ಬಂದಿದ್ದರೆ ಆ ಕಾರ್ಡು ಹೇಳುವಷ್ಟನ್ನು ನಮ್ಮ ಎರಡು ಗಂಟೆಯ ಪರೀಕ್ಷೆ ಹೇಳಲಾರದು.

ಮನೆಯವರಿಗೆ ಉಪಯೋಗವಾಗುವ ಕೆಲವು ಮಾತು ಹೇಳುತ್ತೇನೆ. ರಿಪೋರ್ಟು ಕೈಗೆ ಬಂದಾಗ, ಕೊನೆಯ ಸಲ ಸೇದಿ ಎಷ್ಟು ದಿನಕ್ಕೆ ಪರೀಕ್ಷೆ ಮಾಡಿದ್ದೆಂದು ಅದರಲ್ಲಿ ಬರೆದಿದೆಯೇ ನೋಡಿ. ವಾರದೊಳಗಿನ ಅಂಕವಾಗಿದ್ದರೆ ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಿ. ಆಗ ಬೇರೆ ಪಟ್ಟಿ ಬಳಸುತ್ತಾರೆಯೇ ಎಂದೂ ಕೇಳಿ, ಯಾಕೆಂದರೆ ಅದೇ ಪಟ್ಟಿ ಎರಡನೆಯ ಸಲ ಯಾರಿಗಾದರೂ ಸುಲಭ. ಅದನ್ನು ಚೇತರಿಕೆ ಎಂದುಕೊಂಡರೆ ಮೋಸಹೋಗುತ್ತೀರಿ. ಯಾವ ಭಾಷೆಯಲ್ಲಿ ಮಾಡಿದರು, ಯಾರ ಸರಾಸರಿಗೆ ಹೋಲಿಸಿದರು ಎಂದು ಕೇಳಲು ಸಂಕೋಚ ಬೇಡ. ಕೇಳಿದರೆ ನಮಗೆ ಬೇಸರವಾಗುವುದಿಲ್ಲ. ಆದರೆ ಆಗಲಿ ಬಿಡಿ.

ಕಾರಣ ಹುಡುಕುವಾಗ ಓದು, ವಯಸ್ಸು ಕಳೆದ ಅಂಕ ಬೇಕು. ಚಿಕಿತ್ಸೆ ಮಾಡುವಾಗ ಮಾತ್ರ ಏನನ್ನೂ ಕಳೆಯದ ಹಸಿ ಅಂಕವೇ ಬೇಕು. ನಮ್ಮ ಡ್ರೈವರು ತಮ್ಮ ವಯಸ್ಸಿನ, ತಮ್ಮ ಓದಿನವರ ನಡುವೆ ‘ಸರಾಸರಿ’ಯೇ ಇರಬಹುದು, ಆದರೂ ಹದಿನೈದರಲ್ಲಿ ಐದೇ ಪದ ಉಳಿಯುವುದಾದರೆ, ಒಂದು ಗಂಟೆ ಕೂರಿಸಿ ಹೇಳಿದ ಬುದ್ಧಿಮಾತು ಮನೆ ಮುಟ್ಟುವ ಹೊತ್ತಿಗೆ ಎಷ್ಟು ಉಳಿಯುತ್ತದೆ? ಸೇದಬೇಕೆನಿಸಿದಾಗಲೆಲ್ಲ ಹೊತ್ತು, ಜಾಗ, ಜೊತೆಗಿದ್ದವರು ಯಾರು ಎಂದು ಡೈರಿಯಲ್ಲಿ ಬರೆದಿಡಿ ಎಂಬುದು ಈ ಚಿಕಿತ್ಸೆಯ ಮಾಮೂಲು ಮನೆಗೆಲಸ. ಬರವಣಿಗೆ ಬಾರದವರು ಅದನ್ನು ಖಾಲಿ ತಂದರೆ ‘ಮನಸ್ಸಿಲ್ಲ, ಸಹಕರಿಸುತ್ತಿಲ್ಲ’ ಎಂದು ಫೈಲಿನಲ್ಲಿ ಬರೆಯುವವರಿದ್ದಾರೆ. ಅವರ ಮೊಬೈಲಿನಲ್ಲೇ ವಾಯ್ಸ್ ಮೆಸೇಜು ಮಾಡಿ ಇಟ್ಟುಕೊಳ್ಳಲು ಹೇಳಿಕೊಡಬಹುದು. ಗಂಟೆಯ ಮಾತನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ, ವಾರಕ್ಕೊಂದರ ಬದಲು ಎರಡು ಸಲ ಕರೆಸಬಹುದು. ಹೇಳಿದ್ದನ್ನು ಹೊರಡುವ ಮುಂಚೆ ಅವರ ಬಾಯಿಂದಲೇ ಒಮ್ಮೆ ಹೇಳಿಸಬಹುದು. ಲೋಡು, ಮಂಡಿ, ಬಾಡಿಗೆಯ ಲೆಕ್ಕ ಹತ್ತು ವರ್ಷದ್ದು ನೆನಪಿರುವವರಿಗೆ ಯಾವ ಢಾಬಾದಲ್ಲಿ, ಯಾವ ಜೊತೆಗಾರ ಸಿಕ್ಕಾಗ ಚಿಲುಮೆ ಹೊರಬರುತ್ತದೆಂಬುದು ನೆನಪಿರದೆ ಇರುತ್ತದೆಯೇ? ಮಾತು ಅಲ್ಲಿಂದ ಶುರುಮಾಡಿದರಾಯಿತು.

ಈ ವಿಷಯದಲ್ಲಿ ಸಹಾಯ ಬೇಕಾದವರು ಟೆಲಿ ಮಾನಸ್‌ನ 14416ಕ್ಕೆ ಅಥವಾ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು.